ಹನ್ನೆರಡು ಸಿಟ್ಟಿಂಗ್, ಎರಡು ಹಾಳೆ

ನಮಸ್ಕಾರ.

ಕೆಲವು ವರ್ಷಗಳ ಹಿಂದಿನ ಮಾತು. ಮಂಡಿನೋವಿಗೆ ಮದ್ದು ತರಲು ನಮ್ಮ ಕಾಸರಗೋಡು ಕಡೆಯ ಒಂದು ಆಸ್ಪತ್ರೆಗೆ ಹೋಗಿದ್ದೆ. ಟೋಕನ್ ಹಿಡಿದು ಬೆಂಚಿನಲ್ಲಿ ಕೂತಿದ್ದೇನೆ, ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದೇ ಇದೆ. ಒಳಗೆ ಮೂವತ್ತರ ಆಸುಪಾಸಿನ ಒಬ್ಬಳು ಹೆಂಗಸು, ಪಕ್ಕದಲ್ಲಿ ಗಂಡ. ಡಾಕ್ಟರಿಗೆ ಕನ್ನಡ ಬಾರದು, ಆಕೆಗೆ ಮಲಯಾಳ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ಮಾತ್ರ. ಆಕೆ ಎರಡು ನಿಮಿಷವಾದರೂ ಮಾತಾಡಿರಬೇಕು. ರಾತ್ರಿ ಯಾರೋ ಕುತ್ತಿಗೆ ಹಿಡಿದ ಹಾಗಾಗುತ್ತದೆ, ಕತ್ತಲಾದರೆ ಹಿತ್ತಿಲಿಗೆ ಹೋಗಲು ಕಾಲೇ ಏಳುವುದಿಲ್ಲ, ಮಗ ಹಿಂದಿನಿಂದ ಬಂದು ‘ಅಮ್ಮಾ’ ಎಂದರೂ ಕೈಯಲ್ಲಿದ್ದ ಪಾತ್ರೆ ಬೀಳುತ್ತದೆ ಎಂದೆಲ್ಲ ಹೇಳಿದಳು. ಹೇಳಿ ಮುಗಿಸಿದಾಗ ಗಂಡ ಡಾಕ್ಟರ ಕಡೆ ತಿರುಗಿ ಒಂದೇ ಮಾತು ಹೇಳಿದ: “ಉರಕ್ಕಮಿಲ್ಲ.” ನಿದ್ದೆ ಇಲ್ಲ. ಡಾಕ್ಟರು ನಿದ್ದೆಗೆ ಮಾತ್ರೆ ಬರೆದುಕೊಟ್ಟರು.

ಡಾಕ್ಟರನ್ನು ನಾನು ದೂರುವುದಿಲ್ಲ. ಅವರ ಕಿವಿಗೆ ಬಿದ್ದದ್ದೇ ಅಷ್ಟು. ಗಂಡನನ್ನೂ ಹೇಗೆ ದೂರಲಿ? ಹೆಂಡತಿಯ ಅಂಥ ಮಾತನ್ನು ಇನ್ನೊಂದು ಭಾಷೆಯಲ್ಲಿ, ಇನ್ನೊಬ್ಬ ಗಂಡಸಿನ ಎದುರು ಹೇಳಲು ಅವನಿಗೂ ನಾಚಿಕೆಯಾಗಿರಬಹುದು. ಆದರೆ ಎರಡು ನಿಮಿಷದ ಮಾತು ಎಲ್ಲಿ ಹೋಯಿತು ಎಂದು ಅವತ್ತು ಮನೆಗೆ ಬರುವ ಬಸ್ಸಿನಲ್ಲಿ ಇಡೀ ದಾರಿ ಯೋಚಿಸಿದೆ.

ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ 31 ವರ್ಷ ಗಣಿತ ಕಲಿಸಿದವಳು. ನಿವೃತ್ತಿಯಾದ ಮೇಲೆ ವಾರಕ್ಕೊಮ್ಮೆ ಒಬ್ಬಳು ಕೌನ್ಸೆಲರ್ ಜೊತೆ ದುಭಾಷಿಯಾಗಿ ಕೂರತೊಡಗಿದೆ. ಆಕೆ ತೆಂಕಣ ಕೇರಳದ ಹುಡುಗಿ, ನನ್ನ ಮಗಳ ಪ್ರಾಯ. ಮೊದಲ ದಿನ ಅವಳು ನನಗೇ ಪಾಠ ಮಾಡಿದಳು. ಬಂದವರು ‘ನಾನು ಹೆದರಿದೆ’ ಎಂದರೆ ನಾನೂ ‘ನಾನು ಹೆದರಿದೆ’ ಎಂದೇ ಹೇಳಬೇಕು, ‘ಅವರು ಹೆದರಿದರಂತೆ’ ಎನ್ನಬಾರದು. ಬೈಗುಳವಿದ್ದರೆ ಬೈಗುಳವನ್ನೂ ದಾಟಿಸಬೇಕು. ಸಮಾಧಾನ ಹೇಳಬಾರದು, ಬುದ್ಧಿವಾದ ಹೇಳಲೇಬಾರದು. 31 ವರ್ಷ ಬುದ್ಧಿ ಹೇಳಿಯೇ ಸಂಬಳ ಎಣಿಸಿದವಳಿಗೆ ಈ ಕೊನೆಯದು ಎಷ್ಟು ಕಷ್ಟವಾಯಿತು ಎಂದು ನೀವೇ ಊಹಿಸಿ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಆ ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಹೇಳುವ ಹಾಗಿಲ್ಲ. ಆದ್ದರಿಂದ ಮುಂದೆ ನಾನು ಹೇಳುವ ಹೆಂಗಸು ಇಂಥವಳೇ ಎಂದು ಯಾರೂ ಹುಡುಕಬೇಡಿ. ಮೂರು ನಾಲ್ಕು ಜನರ ಅನುಭವ ಬೆರೆಸಿ, ಊರು ಬದಲಿಸಿ ಹೇಳುತ್ತಿದ್ದೇನೆ.

ದೊಡ್ಡ ಪೆಟ್ಟು ತಿಂದ ಮನಸ್ಸಿನ ಇಂಥ ಕಷ್ಟಕ್ಕೆ ನಮ್ಮಲ್ಲಿ ಹೆಸರಿಲ್ಲದೆ ಇಲ್ಲ. ಗಾಳಿ ಸೋಕಿದೆ ಎನ್ನುತ್ತೇವೆ, ಹೆದರಿಕೆಗೆ ನೂಲು ಕಟ್ಟಿಸುತ್ತೇವೆ, ದೈವದ ಮುಂದೆ ನಿಂತು ಅರಿಕೆ ಮಾಡುತ್ತೇವೆ. ಅದನ್ನು ನಾನು ನಗೆಯಾಡುವುದಿಲ್ಲ. ನಾಲ್ಕು ಜನ ಜೊತೆಗೆ ನಿಂತರು ಎಂಬುದೇ ಒಂದು ಬಲ. ಆದರೆ ನೂಲು ಕಟ್ಟಿ ವರ್ಷವಾದರೂ ಪಾತ್ರೆ ಕೈಯಿಂದ ಬೀಳುತ್ತಲೇ ಇದ್ದರೆ ಬೇರೆ ದಾರಿಯೂ ಇದೆ ಎಂದು ಗೊತ್ತಿರಬೇಕಲ್ಲ.

ವೈದ್ಯಲೋಕಕ್ಕೂ ಇದು ಬೇಗ ಅರ್ಥವಾಗಲಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಆ್ಯನ್ ಬರ್ಜೆಸ್ ಎಂಬ ನರ್ಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಎಂಬ ಸಮಾಜಶಾಸ್ತ್ರಜ್ಞೆ ಅತ್ಯಾಚಾರಕ್ಕೊಳಗಾಗಿ ಆಸ್ಪತ್ರೆಗೆ ಬಂದ ಹೆಂಗಸರನ್ನು ಮಾತಾಡಿಸಿ, ಅವರೆಲ್ಲರ ನಿದ್ದೆ, ಭಯ, ಬೆಚ್ಚಿಬೀಳುವಿಕೆಯಲ್ಲಿ ಒಂದೇ ಜಾಡು ಇದೆ ಎಂದು 1974ರಲ್ಲಿ ಬರೆದರು. ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರಲ್ಲೂ ಅದೇ ಜಾಡು. 1980ರಲ್ಲಿ ಅಮೆರಿಕದ ಮನೋವೈದ್ಯರು ಅದಕ್ಕೆ ಪಿಟಿಎಸ್‌ಡಿ ಎಂದು ಹೆಸರಿಟ್ಟರು. ನಾವು ಆಘಾತದ ನಂತರದ ಮಾನಸಿಕ ಒತ್ತಡ ಎನ್ನೋಣ. ಯುದ್ಧಭೂಮಿಯಿಂದ ಬಂದವನದ್ದೂ ಮನೆಯ ಹಿತ್ತಿಲಿನಿಂದ ಬಂದವಳದ್ದೂ ಒಂದೇ ಕಾಯಿಲೆ!

ಪೆಟ್ಟು ತಿಂದವರೆಲ್ಲರೂ ಹೀಗೇ ಉಳಿಯುತ್ತಾರೆ ಎಂದಲ್ಲ. ಅತ್ಯಾಚಾರಕ್ಕೊಳಗಾದ ಹೆಂಗಸರನ್ನು ವಾರವಾರವೂ ಗಮನಿಸಿದ ಒಂದು ಅಧ್ಯಯನ 1992ರಲ್ಲಿ ಬಂತು. ಮೊದಲ ಎರಡು ವಾರದೊಳಗೆ 100ರಲ್ಲಿ 94 ಜನರಿಗೆ ಈ ಲಕ್ಷಣಗಳಿದ್ದವು, ಮೂರು ತಿಂಗಳಾಗುವಾಗ ಅದು 47ಕ್ಕೆ ಇಳಿದಿತ್ತು. ಅಂದರೆ ಅರ್ಧದಷ್ಟು ಜನರ ಗಾಯ ತಾನಾಗಿ ಮಾಯುತ್ತದೆ. ಉಳಿದ ಅರ್ಧಕ್ಕೆ ಮಾಯದೆ ಇರುವುದು ಯಾಕೆ? ಆ ದಾರಿ ಬೇಡ, ಆ ವಾಸನೆ ಬೇಡ, ಆ ಮಾತೇ ಬೇಡ ಎಂದು ಮನಸ್ಸು ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತದೆ. ಹಾಕಿದಷ್ಟು ಹೊತ್ತು ಹಾಯೆನಿಸುತ್ತದೆ. ಆದರೆ ಒಳಗಿರುವ ನೆನಪಿಗೆ ‘ಅದು ಮುಗಿದುಹೋಯಿತು’ ಎಂಬ ಸುದ್ದಿ ತಲುಪುವುದೇ ಇಲ್ಲ.

ಆ ಸುದ್ದಿಯನ್ನು ಕ್ರಮವಾಗಿ ತಲುಪಿಸುವ ಕೆಲಸಕ್ಕೆ ಚಿಕಿತ್ಸೆ ಎನ್ನುತ್ತಾರೆ. ‘ಕ್ರಮವಾಗಿ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಕೌನ್ಸೆಲಿಂಗ್ ಎಂದರೆ ಯಾರೋ ಎದುರು ಕೂತು ‘ಎಲ್ಲ ಸರಿಯಾಗ್ತದೆ’ ಎನ್ನುವುದು ಅಂತಲೇ ನಾನೂ ತಿಳಿದಿದ್ದೆ. ನಾನು ಕಂಡದ್ದು ಗಣಿತದ ಪಾಠದ ಹಾಗೆ, ಒಂದರ ಮೇಲೊಂದು ನಿಲ್ಲುವ ಕೆಲಸ.

ನಮ್ಮ ಕೌನ್ಸೆಲರ್ ಹೆಚ್ಚಾಗಿ ಹಿಡಿಯುತ್ತಿದ್ದ ಕ್ರಮಕ್ಕೆ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ ಎಂದು ಹೆಸರು. ಪೆಟ್ರೀಷಿಯಾ ರೆಸಿಕ್ ಎಂಬ ಮನಶ್ಶಾಸ್ತ್ರಜ್ಞೆ ಅತ್ಯಾಚಾರಕ್ಕೊಳಗಾದ ಹೆಂಗಸರಿಗಾಗಿಯೇ ರೂಪಿಸಿದ್ದು. ಸಾಧಾರಣವಾಗಿ 12 ಸಿಟ್ಟಿಂಗ್. ಮೊದಲ ದಿನವೇ ಮನೆಗೆಲಸ: ಇದು ನನಗೆ ಯಾಕಾಯಿತು ಎಂದು ನಾನು ತಿಳಿದಿದ್ದೇನೆ, ಇದರಿಂದ ನನ್ನ ಬಗ್ಗೆ, ಜನರ ಬಗ್ಗೆ, ಲೋಕದ ಬಗ್ಗೆ ನನಗೆ ಏನನಿಸುತ್ತದೆ ಎಂದು ಒಂದು ಹಾಳೆ ಬರೆದು ತರಬೇಕು. ಏನು ನಡೆಯಿತು ಎಂದು ಬರೆಯುವುದಲ್ಲ, ಯಾಕೆ ನಡೆಯಿತು ಅನಿಸುತ್ತದೆ ಎಂದು.

ನಾನು ಹೇಳುತ್ತಿರುವ ಹೆಂಗಸು ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿದವಳು, ಮನೆಯಲ್ಲಿ ತುಳು, ಬದುಕಿಗೆ ಬೀಡಿ ಕಟ್ಟುವುದು. ಮಗನ ನೋಟ್‌ಪುಸ್ತಕದಿಂದ ಹರಿದ ಗೆರೆ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ತಂದಿದ್ದಳು. ಕೌನ್ಸೆಲರ್‌ಗೆ ಕನ್ನಡ ಓದಲು ಬಾರದಲ್ಲ, ಆಕೆ ಗಟ್ಟಿಯಾಗಿ ಓದಿದಳು, ನಾನು ಮಲಯಾಳದಲ್ಲಿ ಹೇಳಿದೆ. ಒಂಬತ್ತು ಸಾಲಿನಲ್ಲಿ ನಾಲ್ಕು ಸಲ ಒಂದೇ ಮಾತು ಬಂತು: ‘ನಾನು ಆ ದಾರಿಯಲ್ಲಿ ಹೋಗಬಾರದಿತ್ತು.’

ಮನಸ್ಸು ತೊಡರಿಕೊಂಡು ನಿಂತ ಇಂಥ ಮಾತುಗಳನ್ನು ಹೆಕ್ಕಿ ತೆಗೆಯುವುದೇ ಈ ಚಿಕಿತ್ಸೆಯ ತಿರುಳು. ಮುಂದಿನ ವಾರಗಳಲ್ಲಿ ಹಾಳೆಗೆ ಮೂರು ಕಾಲಂ ಗೀಟು ಹಾಕಿ ತುಂಬಿಸುವುದು: ನಡೆದದ್ದು ಏನು, ಆಗ ಮನಸ್ಸಿಗೆ ಬಂದ ಮಾತು ಏನು, ಅದರಿಂದ ಆದದ್ದು ಏನು – ಭಯವೋ, ಸಿಟ್ಟೋ, ನಾಚಿಕೆಯೋ. ಆಮೇಲೆ ಆ ನಡುವಿನ ಕಾಲಂ ಹಿಡಿದು ಪ್ರಶ್ನೆ.

ಒಂದು ದಿನ ನಡೆದದ್ದು ಹೀಗೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚಿಗೆ ಹೋಗುವ ಕಾಲುದಾರಿ ಗೇರುಗುಡ್ಡೆಯ ಮೇಲಿನಿಂದ. “ಆ ದಾರಿಯಲ್ಲಿ ಎಷ್ಟು ಸಮಯದಿಂದ ಹೋಗ್ತಾ ಇದ್ರಿ?” ಎಂದು ಕೌನ್ಸೆಲರ್ ಕೇಳಿದಳು. ಆಕೆ ಬೆರಳು ಮಡಚಿ ಲೆಕ್ಕ ಹಾಕಿದಳು. “ಹನ್ನೊಂದು ವರ್ಷ.” “ವಾರಕ್ಕೆ ಎಷ್ಟು ದಿನ?” “ಆರು. ಭಾನುವಾರ ಬ್ರಾಂಚಿಗೆ ರಜೆ.” ಕೌನ್ಸೆಲರ್ ಕಾಗದ ನನ್ನ ಕಡೆ ದೂಡಿದಳು. ಹನ್ನೊಂದು, ಐವತ್ತೆರಡು, ಆರು, ಗುಣಿಸಿದರೆ 3,432. ಮಳೆ, ಜ್ವರ, ಹಬ್ಬ ಎಂದು ಕಳೆದರೂ ಮೂರು ಸಾವಿರ ದಿನ. “ಅಷ್ಟರಲ್ಲಿ ಹೀಗಾದದ್ದು?” “ಒಂದು ದಿನ.” “ದಾರಿ ಅದೇ, ನೀವೂ ಅವರೇ. ಆ ಒಂದು ದಿನ ಅಲ್ಲಿ ಹೊಸತಾಗಿ ಇದ್ದದ್ದು ಏನು?”

ತುಂಬ ಹೊತ್ತು ಫ್ಯಾನಿನ ಸದ್ದು ಮಾತ್ರ. ನನಗೆ ಬಾಯಿ ತುರಿಸುತ್ತಿತ್ತು, ಉತ್ತರ ಹೇಳಿಕೊಡುವ ಹಳೆಯ ಚಾಳಿ. ಕೊನೆಗೆ ಆಕೆ ತುಳುವಿನಲ್ಲಿ ಹೇಳಿದಳು: “ಆಯೆ.” ಅವನು.

ಇದೇ ಮಾತನ್ನು ನಾನೋ ನೀವೋ ಮೊದಲ ದಿನವೇ ‘ತಪ್ಪು ನಿನ್ನದಲ್ಲ ಮಾರಾಯ್ತಿ’ ಎಂದು ಹೇಳಬಹುದಿತ್ತು. ಮನೆಯವರು ಹೇಳಿಯೂ ಇದ್ದರು. ಹೇಳಿಸಿಕೊಂಡದ್ದು ನಿಲ್ಲಲಿಲ್ಲ, ತಾನೇ ಲೆಕ್ಕ ಮಾಡಿ ತೆಗೆದದ್ದು ನಿಂತಿತು.

ಇನ್ನೊಂದು ಕ್ರಮವಿದೆ, ಎಡ್ನಾ ಫೋವಾ ಎಂಬಾಕೆ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್. ಸಾಧಾರಣವಾಗಿ 8ರಿಂದ 15 ಸಿಟ್ಟಿಂಗ್. ಕಣ್ಣುಮುಚ್ಚಿ, ಈಗ ನಡೆಯುತ್ತಿದೆ ಎಂಬ ಹಾಗೆ ಆ ಘಟನೆಯನ್ನು ಮತ್ತೆ ಮತ್ತೆ ಹೇಳುವುದು, ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳುವುದು. ಜೊತೆಗೆ, ನಿಜಕ್ಕೂ ಅಪಾಯವಿಲ್ಲದ, ಆದರೆ ಭಯದಿಂದ ಬಿಟ್ಟುಕೊಟ್ಟ ಜಾಗಗಳಿಗೆ ಮೆಟ್ಟಿಲು ಮೆಟ್ಟಿಲಾಗಿ ಮರಳುವುದು. ಹೈವೇ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡು ಬಸ್ಸನ್ನೇ ಬಿಟ್ಟವಳೊಬ್ಬಳಿದ್ದಳು. ಅವಳ ಭಯಕ್ಕೆ ಸೊನ್ನೆಯಿಂದ ನೂರರವರೆಗೆ ಮಾರ್ಕು. ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಲ್ಲುವುದು 40. ನಿಂತ ಬಸ್ಸಿನೊಳಗೆ ಕೂರುವುದು 60. ಕುಂಬಳೆಯಿಂದ ಮೊಗ್ರಾಲಿಗೆ ಹೋಗುವುದು 85. ಮೊದಲು ನಿಲ್ಲುವ ಮೆಟ್ಟಿಲು. ನಿಂತು ನಿಂತು ಆ 40 ಇಳಿದು ಬೋರ್ ಹೊಡೆಯುವವರೆಗೆ ನಿಲ್ಲಬೇಕು. ಹೆದರಿಕೆ ಏರಿದಾಗಲೇ ಓಡಿ ಬಂದರೆ ಮನಸ್ಸು ಕಲಿಯುವುದು ಓಡುವುದನ್ನೇ.

ಎಲ್ಲರೂ ಗುಣವಾದರು ಎಂದರೆ ಸುಳ್ಳಾಗುತ್ತದೆ. ನಾಲ್ಕನೇ ಸಿಟ್ಟಿಂಗ್ ಮುಗಿಸಿ ಹೋದ ಒಬ್ಬಳು ಮತ್ತೆ ಬರಲೇ ಇಲ್ಲ. ಆಮೇಲೊಮ್ಮೆ ಪೇಟೆಯಲ್ಲಿ ಕಂಡಾಗ ಮುಖ ತಿರುಗಿಸಿ ಮೀನಿನ ಅಂಗಡಿ ಕಡೆ ನಡೆದಳು. ನಾನು ಕರೆಯಲಿಲ್ಲ. ನೆನಪನ್ನು ಮುಟ್ಟುವ ವಾರಗಳಲ್ಲಿ ಕೆಲವರಿಗೆ ಕೆಟ್ಟ ಕನಸು ಹೆಚ್ಚಾಗುವುದೂ ಉಂಟು. ಅದನ್ನು ಮೊದಲೇ ಹೇಳಿಡಬೇಕು.

ಮತ್ತೆ, ಹೊಡೆತ ಇನ್ನೂ ನಿಲ್ಲದವಳಿಗೆ? ಸಂಜೆ ಕುಡಿದು ಬರುವವನ ಮನೆಗೇ ಮರಳುವವಳನ್ನು ಕೂರಿಸಿಕೊಂಡು ಹಳೆಯ ನೆನಪನ್ನು ಕೆದಕುವುದು ಸರಿಯಲ್ಲ. ಮೊದಲು ಸುರಕ್ಷೆ, ಆಮೇಲೆ ನೆನಪು ಮತ್ತು ಅಳು, ಆಮೇಲೆ ಮತ್ತೆ ಜನರ ನಡುವಿನ ಬದುಕು. ಈ ಮೂರು ಹಂತವನ್ನು ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರಲ್ಲೇ ಬರೆದಿಟ್ಟಿದ್ದಾರೆ. ಅಲ್ಲಿ ಮೊದಲು ಬೇಕಾದದ್ದು 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಮಲಗಲು ಇನ್ನೊಂದು ಸೂರು, 181 ಎಂಬ ಮಹಿಳಾ ಸಹಾಯವಾಣಿಯ ಫೋನ್ ನಂಬರು.

ಹಾಗೆಯೇ ನಮ್ಮ ಎಣ್ಮಕಜೆಯಂಥ ಹಳ್ಳಿಗಳಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತರಾದ ಮಕ್ಕಳನ್ನು ಹತ್ತಿಪ್ಪತ್ತು ವರ್ಷ ಎತ್ತಿ ಇಳಿಸಿದ ತಾಯಂದಿರಿದ್ದಾರೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ಮದ್ದು ಚೆಲ್ಲುವುದು 2000ದ ಹೊತ್ತಿಗೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ಮದ್ದನ್ನೇ ನಿಷೇಧಿಸಿತು, ಆದರೆ ಅವರ ಕೆಲಸಕ್ಕೆ ರಜೆ ಸಿಕ್ಕಿಲ್ಲ. ಅವರ ಬಳಲಿಕೆಗೂ ಆಘಾತವೆಂದೇ ಹೆಸರಿಟ್ಟು 12 ಸಿಟ್ಟಿಂಗ್ ಬರೆದುಕೊಡುವುದು ನನಗೆ ಒಪ್ಪಿಗೆಯಾಗದ ಮಾತು. ಅವರಿಗೆ ಮೊದಲು ಬೇಕಾದದ್ದು ಮಗುವನ್ನು ನೋಡಿಕೊಳ್ಳಲು ಇನ್ನೊಂದು ಜೊತೆ ಕೈ.

ಓದು ಬರಹ ಬಾರದವರಿಗೆ ಈ ಹಾಳೆ, ಕಾಲಂ ಎಲ್ಲ ಹೇಗೆ ಎಂದು ಕೇಳುವಿರಿ. ಆಫ್ರಿಕದ ಕಾಂಗೋ ದೇಶದ ಪೂರ್ವಭಾಗದಲ್ಲಿ, ಯುದ್ಧ ಇನ್ನೂ ನಡೆಯುತ್ತಿರುವಾಗಲೇ, ಲೈಂಗಿಕ ಹಿಂಸೆಗೊಳಗಾದ ಹಳ್ಳಿ ಹೆಂಗಸರಿಗೆ ಇದೇ ಚಿಕಿತ್ಸೆಯನ್ನು ಗುಂಪಿನಲ್ಲಿ ಕೊಟ್ಟರು. 2013ರಲ್ಲಿ ಅದರ ಫಲಿತಾಂಶ ಬಂತು. ನಡೆಸಿದವರು ಡಾಕ್ಟರುಗಳಲ್ಲ, ಹೈಸ್ಕೂಲಿನಷ್ಟು ಓದಿ ತರಬೇತಿ ಪಡೆದ ಅಲ್ಲಿಯವರೇ ಹೆಂಗಸರು. ಬರೆಯಲು ಬಾರದವರು ಪಾಠವನ್ನು ಬಾಯಿಪಾಠ ಮಾಡಿಕೊಂಡರು. ಶುರುವಿನಲ್ಲಿ 100ರಲ್ಲಿ 70ಕ್ಕೂ ಹೆಚ್ಚು ಜನರಿಗೆ ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದಂತಿತ್ತು. ಚಿಕಿತ್ಸೆ ಮುಗಿದು ಆರು ತಿಂಗಳಾದಾಗ ಗುಂಪಿನಲ್ಲಿ ಕೂತವರಲ್ಲಿ ಅದು 9ಕ್ಕೆ ಇಳಿದಿತ್ತು. ಬರೀ ಸಾಂತ್ವನ, ಸಹಾಯ ಪಡೆದವರಲ್ಲಿ 42. ಇದನ್ನು ಓದಿದಾಗ ನನಗೆ ಕೇರಳದ ನಮ್ಮ ಸ್ವಸಹಾಯ ಸಂಘ ಕುಟುಂಬಶ್ರೀಯ ಹೆಂಗಸರು ನೆನಪಾದರು. ವಾರವಾರ ಚಾಪೆ ಹಾಸಿ ಕೂತು ಸಾಲದ ಲೆಕ್ಕ ಬರೆಯುವವರಿಗೆ ಇದೂ ಬಂದೀತು, ತರಬೇತಿ ಕೊಡುವವರು ಬೇಕು. ನಮ್ಮ ಗಡಿ ಪಂಚಾಯತುಗಳಲ್ಲಿ ಆ ತರಬೇತಿ ಕನ್ನಡ, ತುಳುವಿನಲ್ಲಿ ಆಗಬೇಕು.

ಭಾಷೆಯ ಮಾತು ನನ್ನ ಹಠವಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ರೋಗಿಯ ಒಪ್ಪಿಗೆ ಎಂದರೇನು ಎಂದು ಹೇಳುವಲ್ಲಿ, ಆ ವ್ಯಕ್ತಿಗೆ ಅರ್ಥವಾಗುವ ಭಾಷೆಯಲ್ಲಿ ವಿಷಯ ತಿಳಿಸಿ ಪಡೆದ ಒಪ್ಪಿಗೆ ಎಂದಿದೆ. ಆದ್ದರಿಂದ ‘ನನಗೆ ಕನ್ನಡದಲ್ಲಿ ಹೇಳಿ’ ಎಂದು ಕೇಳಲು ಸಂಕೋಚ ಬೇಡ. ಗಂಡನನ್ನೋ ಅತ್ತಿಗೆಯನ್ನೋ ಮಗಳನ್ನೋ ದುಭಾಷಿ ಮಾಡಬೇಡಿ. ಮನೆಯವರ ಎದುರು ಅರ್ಧ ಮಾತು ನಾಲಗೆಯಲ್ಲೇ ಉಳಿಯುತ್ತದೆ. ಟೆಲಿ ಮಾನಸ್ ಎಂಬ ಸರಕಾರಿ ಸೇವೆ ಇದೆ, ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ನಿದ್ದೆ ಮಾತ್ರೆಯ ಬಗ್ಗೆಯೂ ಒಂದು ಮಾತು: ಆಘಾತವಾದ ಮೊದಲ ತಿಂಗಳಲ್ಲಿ ನಿದ್ದೆಗೂ ಹೆದರಿಕೆಗೂ ಬೆಂಜೊಡಯಜೆಪಿನ್ ಜಾತಿಯ ಮಾತ್ರೆ ಕೊಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿದೆ. ಆದರೆ ಈಗಾಗಲೇ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ಹಠಾತ್ತಾಗಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಹನ್ನೆರಡನೇ ವಾರ, ಕ್ರಮದ ಪ್ರಕಾರ, ಅದೇ ಪ್ರಶ್ನೆಗೆ ಹೊಸ ಹಾಳೆ ಬರೆದು ತರಬೇಕು. ಬೀಡಿ ಕಟ್ಟುವ ಆಕೆ ಈ ಸಲ ಪೆನ್ನಿನಲ್ಲಿ ಬರೆದಿದ್ದಳು, ಎರಡೂ ಮಗ್ಗುಲು ತುಂಬಿತ್ತು. ‘ಹೋಗಬಾರದಿತ್ತು’ ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ‘ಗೇರುಗುಡ್ಡೆಯಲ್ಲಿ ಹಗಲು ಹೋಗುತ್ತೇನೆ, ಕತ್ತಲಾದರೆ ಈಗಲೂ ರಸ್ತೆಯಲ್ಲೇ ಸುತ್ತಿ ಬರುತ್ತೇನೆ, ಹತ್ತು ರೂಪಾಯಿ ಬಸ್ಸಿಗೆ ಹೋದರೆ ಹೋಗಲಿ’ ಎಂದು ಬರೆದಿದ್ದಳು. ಹಳೆಯ ಹಾಳೆಯನ್ನೂ ಕೌನ್ಸೆಲರ್ ತೆಗೆದು ಮೇಜಿನ ಮೇಲಿಟ್ಟಳು. ಇದನ್ನು ಫೈಲಿನಲ್ಲಿ ಇಡಬೇಕೋ, ನಿಮಗೆ ಬೇಕೋ ಎಂದು ಕೇಳಲು ನನಗೆ ಹೇಳಿದಳು.

ಆಕೆ ಹಾಳೆಯನ್ನು ನಾಲ್ಕಾಗಿ ಮಡಚಿ ಪರ್ಸಿಗೆ ಹಾಕಿದಳು. “ನನಗಿರಲಿ ಟೀಚರೇ. ಮಳೆಗೆ ಸೌದೆಯೆಲ್ಲ ಒದ್ದೆ. ಬಚ್ಚಲೊಲೆ ಹೊತ್ತಿಸ್ಲಿಕ್ಕೆ ಆಗ್ತದೆ” ಎಂದಳು.

ನಮಸ್ಕಾರ.