ಎತ್ತುವವರಿಗೆ ಯಂತ್ರ ಯಾವಾಗ?

ಎಲ್ಲರಿಗೂ ನಮಸ್ಕಾರ. ಇಲ್ಲಿ ಸಿವಿಲ್ ಓದುವವರೇ ಜಾಸ್ತಿ ಇದ್ದೀರಿ. ಹಾಗಾಗಿ ನೇರವಾಗಿ ಗೋಡೆಯಿಂದಲೇ ಶುರು ಮಾಡುತ್ತೇನೆ.

ಅಮೆರಿಕದ ಕನ್‌ಸ್ಟ್ರಕ್ಷನ್ ರೊಬೊಟಿಕ್ಸ್ ಕಂಪನಿ ಇಟ್ಟಿಗೆ ಕಟ್ಟುವ ಯಂತ್ರವೊಂದನ್ನು ಮಾಡಿದೆ. ಹೆಸರು ಸ್ಯಾಮ್. ಅದರ ತೋಳು ಇಟ್ಟಿಗೆ ಎತ್ತಿಕೊಂಡು, ಗಾರೆ ಹಚ್ಚಿ, ಸಾಲಿನಲ್ಲಿ ಇಡುತ್ತದೆ. ಆದರೆ ಪಕ್ಕದಲ್ಲಿ ಮೇಸ್ತ್ರಿ ಇರಲೇಬೇಕು. ಹೊರಗೆ ಉಬ್ಬಿದ ಗಾರೆ ಕೆರೆಯುವುದು, ಸಂದು ತೀಡುವುದು, ಮೂಲೆ ಕಟ್ಟುವುದು ಎಲ್ಲ ಅವನ ಪಾಲು. ಯಂತ್ರಕ್ಕೆ ಇಟ್ಟಿಗೆ, ಗಾರೆ ತುಂಬಲು ಇನ್ನೊಬ್ಬ ಆಳು ಬೇಕು. ಉದ್ದನೆಯ ನೇರ ಗೋಡೆ ಸಿಕ್ಕರೆ ಸ್ಯಾಮ್ ಓಡುತ್ತದೆ. ಕಿಟಕಿ, ಮೂಲೆ ಹೆಚ್ಚಾದಷ್ಟೂ ಮೇಸ್ತ್ರಿಯ ಕೆಲಸವೇ ಹೆಚ್ಚು.

ಅದೇ ಕಂಪನಿಯ ಇನ್ನೊಂದು ಯಂತ್ರ ಮ್ಯೂಲ್. ನೋಡಲು ಅಂಥ ಚಂದವೇನಿಲ್ಲ, ಸುಮ್ನೆ ಒಂದು ಎತ್ತುವ ತೋಳು. ಸುಮಾರು 60 ಕೆ.ಜಿ. ಭಾರದ ಬ್ಲಾಕನ್ನು ಅದು ಹಿಡಿದು ನಿಲ್ಲುತ್ತದೆ. ಮೇಸ್ತ್ರಿ ಕೈ ತಾಗಿಸಿ ಬೇಕಾದ ಕಡೆ ನಡೆಸಿ ಕೂರಿಸುತ್ತಾನೆ. ನನಗೆ ಹಿಡಿಸಿದ್ದು ಇದು. ಭಾರ ಯಂತ್ರದ್ದು, ಕಣ್ಣಳತೆ ಮನುಷ್ಯನದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಕೋಲ್ಗೇಟ್ ಮತ್ತು ಪೆಶ್ಕಿನ್ 1990ರ ದಶಕದಲ್ಲಿ ಕೋಬಾಟ್, ಅಂದರೆ ಮನುಷ್ಯನ ಜೊತೆ ಕೈಜೋಡಿಸಿ ಕೆಲಸ ಮಾಡುವ ಯಂತ್ರ, ರೂಪಿಸಿದಾಗಲೂ ಮುಂದಾಳು ಮನುಷ್ಯನೇ ಆಗಿದ್ದ.

2020ರಲ್ಲಿ ಹಿಲ್ಟಿ ಕಂಪನಿ ತೋರಿಸಿದ ಜೈಬಾಟ್ ಕೂಡ ಇದೇ ದಾರಿಯದು. ಕಟ್ಟಡದ ಡಿಜಿಟಲ್ ನಕ್ಷೆ ನೋಡಿಕೊಂಡು ಅದು ತಾರಸಿಗೆ ಕೆಳಗಿನಿಂದ ತೂತು ಕೊರೆಯುತ್ತದೆ. ತಲೆಯ ಮೇಲೆ ಡ್ರಿಲ್ ಹಿಡಿದು, ದಿನವಿಡೀ ಕತ್ತೆತ್ತಿ, ಧೂಳು ಕುಡಿಯುವ ಕೆಲಸ ಅದು. ಮಾಡಿದವರಿಗೇ ಗೊತ್ತು.

ಸುರಕ್ಷತೆಯ ಮಾತು ಬೇರೆಯೇ ಇದೆ. ಯಂತ್ರ ಮೈಗೆ ತಾಗಿದರೆ ಯಾವ ಅಂಗಕ್ಕೆ ಎಷ್ಟು ಬಲದವರೆಗೆ ಸರಿ ಎಂದು 2016ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಲೆಕ್ಕ ಕೊಟ್ಟಿತು. ಅದು ಕಾರ್ಖಾನೆಯ ಸಮತಟ್ಟಾದ ನೆಲಕ್ಕೆ ಹೊಂದುವ ಲೆಕ್ಕ. ಸೈಟಿನಲ್ಲಿ ನಿನ್ನೆ ಇದ್ದ ಜಾಗದಲ್ಲಿ ಇವತ್ತು ಗುಂಡಿ ಇರುತ್ತದೆ, ಅಲ್ವಾ?

ಈಗ ನಮ್ಮ ಸೈಟುಗಳಿಗೆ ಬರೋಣ. ಅಮೆರಿಕದಲ್ಲಿ ಮೇಸ್ತ್ರಿಗಳು ಸಿಗುವುದು ಕಷ್ಟ, ಕೂಲಿಯೂ ದುಬಾರಿ. ಅದಕ್ಕೇ ಯಂತ್ರ ಬಂತು. ಇಲ್ಲಿ ಅತಿ ಹೆಚ್ಚು ಭಾರ ಹೊರುವವರಿಗೇ ಅತಿ ಕಡಿಮೆ ಕೂಲಿ. ಬಾಂಡ್ಲಿಯಲ್ಲಿ ಗಾರೆ ಹೊತ್ತು ಮೆಟ್ಟಿಲು ಹತ್ತುವ ಹೆಣ್ಣುಮಕ್ಕಳನ್ನು ನೋಡಿದ್ದೀರಿ. ಆ ಬೆನ್ನು ಅಗ್ಗವಾಗಿರುವವರೆಗೆ ಯಾವ ಕಂಟ್ರಾಕ್ಟರೂ ಎತ್ತುವ ಯಂತ್ರ ಕೊಳ್ಳುವುದಿಲ್ಲ. ಬಂದರೂ ಮೊದಲು ಬರುವುದು ಮೇಸ್ತ್ರಿಯ ಕೂಲಿ ಉಳಿಸುವ ಯಂತ್ರವೇ. ಮಾರುಕಟ್ಟೆಗೆ ಬಿಟ್ಟರೆ ಆಗುವುದು ಇಷ್ಟೇ.

ನಮ್ಮಲ್ಲಿ ಕಟ್ಟಡದ ವೆಚ್ಚದ ಮೇಲೆ 1% ಸೆಸ್ ಕಟ್ಟಿಸಿಕೊಂಡು ಕಾರ್ಮಿಕರ ಕಲ್ಯಾಣ ಮಂಡಳಿಗೆ ಕೊಡುವ ಕಾನೂನಿದೆ. ಆ ಹಣದಲ್ಲಿ ಒಂದು ಪಾಲಿನಿಂದ ಎತ್ತುವ ಯಂತ್ರಗಳನ್ನು ಸಣ್ಣ ಕಂಟ್ರಾಕ್ಟರುಗಳಿಗೆ ಕಡಿಮೆ ಬಾಡಿಗೆಗೆ ಕೊಡಬಹುದು. ನಡೆಸುವ ತರಬೇತಿಯನ್ನು ಈಗ ಬಾಂಡ್ಲಿ ಹೊರುವವರಿಗೇ ಮೊದಲು ಕೊಡಬೇಕು. ಇದನ್ನು ಹೇಗೆ ಮಾಡಬಹುದು, ಎಲ್ಲಿ ಎಡವುತ್ತದೆ? ಈಗ ನಿಮ್ಮ ಪ್ರಶ್ನೆಗಳಲ್ಲಿ ಅದೂ ಇರಲಿ.