97 ಮತಪತ್ರಗಳು: ಅಮೆರಿಕದ ಪ್ರೈಮರಿ ಯಾರ ಕೈಯಲ್ಲಿ?

ಎಲ್ಲರಿಗೂ ನಮಸ್ಕಾರ.

ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನೋದು ಪಕ್ಷದ ಹೈಕಮಾಂಡ್‌ಗೆ ಬಿಟ್ಟ ವಿಚಾರ. ಅಮೆರಿಕದಲ್ಲಿ ಅದಕ್ಕೂ ಜನ ಸಾಲು ನಿಂತು ವೋಟು ಹಾಕುತ್ತಾರೆ. ಅದೇ ಪ್ರೈಮರಿ. ಅಲ್ಲಿ ಮೋಸ ನಡೆದರೆ ಕೇಂದ್ರ ಸರ್ಕಾರ ಕೈ ಹಾಕಬಹುದಾ? ಅಥವಾ ಅದು ರಾಜ್ಯದ, ಪಕ್ಷದ ಒಳಗಿನ ವಿಷಯವಾ? ಇದು ತೀರ್ಮಾನ ಆಗೋಕೆ ವರ್ಷಗಳೇ ಹಿಡಿದವು. ಆ ತಡದ ಬೆಲೆ ಜಾಸ್ತಿ ತೆತ್ತವರು ದಕ್ಷಿಣದ ಕಪ್ಪು ಮತದಾರರು.

ಅಲ್ಲಿನ ಸಂವಿಧಾನದ ಮೊದಲ ವಿಧಿಯ ನಾಲ್ಕನೇ ಸೆಕ್ಷನ್ ನೋಡಿ. ಸಂಸತ್ತಿನ ಚುನಾವಣೆ ಯಾವಾಗ, ಎಲ್ಲಿ, ಹೇಗೆ ನಡೆಯಬೇಕು ಅಂತ ರಾಜ್ಯದ ಶಾಸನಸಭೆ ಹೇಳಬೇಕು. ಆದರೆ ಸಂಸತ್ತು ಕಾನೂನು ಮಾಡಿ ಆ ನಿಯಮವನ್ನು ಬದಲಿಸಬಹುದು. 1787ರಲ್ಲಿ ಇದನ್ನು ಬರೆದಾಗ ಪ್ರೈಮರಿ ಅನ್ನೋದೇ ಇರಲಿಲ್ಲ. ಹಾಗಾದರೆ ಪ್ರೈಮರಿಯೂ 'ಚುನಾವಣೆ'ಯಾ? ಜಗಳವೆಲ್ಲ ಇಲ್ಲೇ.

1918ರಲ್ಲಿ ಮಿಷಿಗನ್‌ನಲ್ಲಿ ಸೆನೆಟ್ ಟಿಕೆಟ್‌ಗಾಗಿ ಟ್ರೂಮನ್ ನ್ಯೂಬೆರಿ, ಕಾರು ಕಂಪನಿಯ ಹೆನ್ರಿ ಫೋರ್ಡ್ ಎದುರು ನಿಂತರು. ಕೇಂದ್ರ ಕಾನೂನು ಹಾಕಿದ್ದ ಖರ್ಚಿನ ಮಿತಿ ಮೀರಿದರು ಅಂತ ಶಿಕ್ಷೆಯೂ ಆಯಿತು. 1921ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರೈಮರಿಯ ಮೇಲೆ ಸಂಸತ್ತಿಗೆ ಅಧಿಕಾರವೇ ಇಲ್ಲ ಅಂತ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು. ಐದನೆಯವರು ಒಂದು ಷರತ್ತಿನ ಜೊತೆ ಅವರ ಕಡೆ ಸೇರಿದರು. ನನ್ನ ಪ್ರಕಾರ ಇದು ದೊಡ್ಡ ಹಾನಿ ಮಾಡಿದ ತೀರ್ಪು.

ಯಾಕೆ ಅಂದರೆ ಟೆಕ್ಸಾಸ್ 1923ರಲ್ಲಿ, ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಕಪ್ಪು ಜನ ವೋಟು ಹಾಕುವಂತಿಲ್ಲ ಅಂತ ಕಾನೂನನ್ನೇ ಮಾಡಿತು. ಆ ಪಕ್ಷದ ಟಿಕೆಟ್ ಸಿಕ್ಕರೆ ಅಲ್ಲಿ ಗೆದ್ದ ಹಾಗೇನೇ. ನವೆಂಬರ್‌ನ ಮುಖ್ಯ ಚುನಾವಣೆ ಹೆಸರಿಗಷ್ಟೇ. ಎಲ್ ಪಾಸೊದ ವೈದ್ಯ ಲಾರೆನ್ಸ್ ನಿಕ್ಸನ್ 1927ರಲ್ಲೂ 1932ರಲ್ಲೂ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು. ಗೆದ್ದರೂ ಬಾಗಿಲು ತೆರೆಯಲಿಲ್ಲ. ಕಾನೂನು ಹೋದಾಗ ಪಕ್ಷದ ಸಮಿತಿ ನಿಷೇಧ ಹಾಕಿತು, ಅದೂ ಬಿದ್ದಾಗ ಪಕ್ಷದ ಅಧಿವೇಶನ ಹಾಕಿತು. 1935ರಲ್ಲಿ ಕೋರ್ಟ್, ಪಕ್ಷ ಅನ್ನೋದು ಖಾಸಗಿ ಸಂಘ, ಅಧಿವೇಶನದ ತೀರ್ಮಾನ ಸರಿ ಅಂತ ಒಮ್ಮತದಿಂದ ಹೇಳಿತು.

ದಿಕ್ಕು ಬದಲಿಸಿದ್ದು ನ್ಯೂ ಆರ್ಲಿಯನ್ಸ್‌ನ ಒಂದು ಮತಗಟ್ಟೆ. 1940ರ ಸೆಪ್ಟೆಂಬರ್, ಪ್ರತಿನಿಧಿ ಸಭೆಗೆ ಪ್ರೈಮರಿ. ಎಣಿಕೆಗೆ ಕೂತ ಪ್ಯಾಟ್ರಿಕ್ ಕ್ಲಾಸಿಕ್ ಮತ್ತು ಸಂಗಡಿಗರ ಮೇಲೆ ಬಂದ ಆರೋಪ ಇದು: ಒಬ್ಬ ಅಭ್ಯರ್ಥಿಗೆ ಬಿದ್ದ 83, ಇನ್ನೊಬ್ಬನಿಗೆ ಬಿದ್ದ 14 ಮತಪತ್ರಗಳನ್ನು ತಿದ್ದಿ ಮೂರನೆಯವನ ಲೆಕ್ಕಕ್ಕೆ ಹಾಕಿದರು. ಒಟ್ಟು 97. ಕೆಳಗಿನ ಕೋರ್ಟ್ ಆರೋಪಗಳನ್ನು ತಳ್ಳಿಹಾಕಿತ್ತು. 1941ರಲ್ಲಿ ಸುಪ್ರೀಂ ಕೋರ್ಟ್‌ನ ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹಾರ್ಲನ್ ಸ್ಟೋನ್ ಬೇರೆಯದೇ ದಾರಿ ಹಿಡಿದರು. ರಾಜ್ಯದ ಕಾನೂನು ಪ್ರೈಮರಿಯನ್ನು ಆಯ್ಕೆಯ ಭಾಗವಾಗಿ ಮಾಡಿದ್ದರೆ, ಅಥವಾ ನಿಜವಾದ ಆಯ್ಕೆ ಅಲ್ಲೇ ಮುಗಿದುಹೋಗುತ್ತಿದ್ದರೆ, ಅಲ್ಲಿ ಹಾಕಿದ ವೋಟು ಸರಿಯಾಗಿ ಎಣಿಕೆಯಾಗುವುದು ಸಂವಿಧಾನ ಕೊಟ್ಟ ಹಕ್ಕು ಅಂದರು. ಅದನ್ನು ಕಾಯುವ ಅಧಿಕಾರ ಸಂಸತ್ತಿಗಿದೆ.

ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಆದರೆ ಅವರ ಪರವಾಗಿ ಬರೆದ ಡಗ್ಲಸ್ ಕೂಡ ಸಂಸತ್ತಿಗೆ ಅಧಿಕಾರ ಇದೆ ಅನ್ನೋದನ್ನು ಒಪ್ಪಿದ್ದರು! ಅವರ ತಕರಾರು ಬೇರೆ: ಬಳಸಿದ ಹಳೇ ಕ್ರಿಮಿನಲ್ ಕಾನೂನಿನಲ್ಲಿ ಪ್ರೈಮರಿಯ ಮಾತು ಸ್ಪಷ್ಟವಾಗಿಲ್ಲ, ಸುಮ್ನೆ ಎಳೆದು ಒಬ್ಬರನ್ನು ಜೈಲಿಗೆ ಹಾಕಬಾರದು. ಆ ಮಾತಿನಲ್ಲಿ ಹುರುಳಿದೆ ಅಂತಲೇ ನನಗನಿಸುತ್ತದೆ.

ಕ್ಲಾಸಿಕ್ ಮೊಕದ್ದಮೆಯಲ್ಲಿ ಕೋರ್ಟ್ ತೀರ್ಮಾನಿಸಿದ್ದು ಎಣಿಕೆಯ ಮೋಸವನ್ನು, ಬಣ್ಣದ ಭೇದವನ್ನಲ್ಲ. ಆದರೂ ಹೂಸ್ಟನ್‌ನ ದಂತವೈದ್ಯ ಲೋನಿ ಸ್ಮಿತ್ ಪರ ವಾದಿಸಿದ ವಕೀಲ ತರ್ಗುಡ್ ಮಾರ್ಷಲ್‌ಗೆ ಅದೇ ಆಧಾರವಾಯಿತು. 1944ರಲ್ಲಿ ಕೋರ್ಟ್ 8–1ರಿಂದ 1935ರ ತೀರ್ಪನ್ನು ಕೈಬಿಟ್ಟಿತು. ಬಿಳಿಯರ ಪ್ರೈಮರಿ, ಬಣ್ಣದ ಕಾರಣಕ್ಕೆ ವೋಟಿನ ಹಕ್ಕು ಕಸಿಯಬಾರದು ಅನ್ನೋ ಸಂವಿಧಾನದ ಹದಿನೈದನೇ ತಿದ್ದುಪಡಿಗೆ ವಿರುದ್ಧ ಅಂತ ತೀರ್ಪಾಯಿತು. ಟೆಕ್ಸಾಸ್‌ನ ಫೋರ್ಟ್ ಬೆಂಡ್ ಕೌಂಟಿಯಲ್ಲಿ 'ಜೇಬರ್ಡ್' ಅನ್ನೋ ಬಿಳಿಯರ ಸಂಘ ಪ್ರೈಮರಿಗೂ ಮುಂಚೆ ತನ್ನದೇ ಮತದಾನ ನಡೆಸುತ್ತಿತ್ತು. 1953ರಲ್ಲಿ ಅದಕ್ಕೂ ತಡೆ ಬಿತ್ತು.

ಹಾಗಂತ ಸರ್ಕಾರ ಪಕ್ಷಕ್ಕೆ ಏನು ಬೇಕಾದರೂ ಹೇಳಬಹುದು ಅಂತಲ್ಲ. ಕ್ಯಾಲಿಫೋರ್ನಿಯಾ, ಪ್ರೈಮರಿಯಲ್ಲಿ ಯಾವ ಪಕ್ಷದವರು ಬೇಕಾದರೂ ಯಾವ ಪಕ್ಷದ ಅಭ್ಯರ್ಥಿಯನ್ನಾದರೂ ಆರಿಸಬಹುದು ಅಂತ ನಿಯಮ ತಂದಾಗ, 2000ದಲ್ಲಿ ಕೋರ್ಟ್ ಅದನ್ನು ತೆಗೆದುಹಾಕಿತು. ಪಕ್ಷದವರಿಗೆ ತಮ್ಮೊಳಗೆ ಸೇರಿ ತೀರ್ಮಾನಿಸುವ ಸ್ವಾತಂತ್ರ್ಯವೂ ಬೇಕು, ಅಲ್ವಾ?

ಅಧ್ಯಕ್ಷರ ಪ್ರೈಮರಿ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ. ಮೊದಲ ವಿಧಿಯ ಆ ಸಾಲು ಸಂಸತ್ತಿನ ಚುನಾವಣೆಗೆ ಮಾತ್ರ. ಎರಡನೇ ವಿಧಿಯಲ್ಲಿ ಎಲೆಕ್ಟರ್‌ಗಳನ್ನು, ಅಂದರೆ ರಾಜ್ಯದ ಪರವಾಗಿ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳನ್ನು, ಹೇಗೆ ನೇಮಿಸಬೇಕು ಅನ್ನೋದು ರಾಜ್ಯದ ಕೈಯಲ್ಲಿ, ಸಂಸತ್ತಿಗೆ ಕೊಟ್ಟಿರೋದು ದಿನಾಂಕ ಗೊತ್ತುಮಾಡುವ ಅಧಿಕಾರ. 1964ರ ಇಪ್ಪತ್ನಾಲ್ಕನೇ ತಿದ್ದುಪಡಿ, ವೋಟು ಹಾಕೋಕೆ ಕಟ್ಟಬೇಕಿದ್ದ ತೆರಿಗೆಯನ್ನು ನಿಷೇಧಿಸುವಾಗ ಅಧ್ಯಕ್ಷರ ಪ್ರೈಮರಿಯನ್ನೂ ಹೆಸರಿಸಿತು, ಆದರೆ ಅದು ತೆರಿಗೆಗಷ್ಟೇ ಸೀಮಿತ. 2024ರ ಅಧ್ಯಕ್ಷರ ಪ್ರೈಮರಿ ಮೊದಲು ಸೌತ್ ಕ್ಯಾರೊಲೈನಾ ರಾಜ್ಯದಲ್ಲಿ ನಡೆಯಲಿ ಅಂತ ಡೆಮಾಕ್ರಟಿಕ್ ಪಕ್ಷ ಅಂದಿತು. ನಾವೇ ಮೊದಲು ಅನ್ನೋ ತನ್ನ ಕಾನೂನಿನಂತೆ ನ್ಯೂ ಹ್ಯಾಂಪ್‌ಶೈರ್ ಜನವರಿ 23ಕ್ಕೇ ಮತದಾನ ನಡೆಸಿತು. ಆ ಮತಪತ್ರದಲ್ಲಿ ಅಧ್ಯಕ್ಷ ಬೈಡನ್ ಹೆಸರು ಇರಲಿಲ್ಲ. ಬೆಂಬಲಿಗರು ಅವರ ಹೆಸರನ್ನು ಕೈಯಲ್ಲಿ ಬರೆದು ಗೆಲ್ಲಿಸಿದರು. ದೇಶಕ್ಕೆಲ್ಲ ಪ್ರೈಮರಿಯ ಒಂದೇ ವೇಳಾಪಟ್ಟಿ ಹಾಕುವ ಕೇಂದ್ರ ಕಾನೂನು ಬಂದರೆ ಸ್ಟೋನ್ ಅವರ ತರ್ಕದ ಮೇಲೆ ಅದು ನಿಲ್ಲುತ್ತದೆ ಅಂತ ನಾನು ನಂಬುತ್ತೇನೆ. ಸಂಸತ್ತು ಅಂಥ ಕಾನೂನನ್ನು ಇನ್ನೂ ಮಾಡಿಲ್ಲ.