ಕಡ್ಡಿ ನಿಂತರೆ ಟೆಸ್ಟ್ ಇಲ್ಲ

ಊಟ ಮಾಡುತ್ತಾ ಈ ವಿಡಿಯೊ ನೋಡುತ್ತಿದ್ದರೆ ಒಂದು ನಿಮಿಷ ನಿಲ್ಲಿಸಿಬಿಡಿ. ಇವತ್ತಿನ ಮಾತು ಮಲದ ಬಗ್ಗೆ.

ನಾನು ಲ್ಯಾಬಿನವನು. ಒಂದು ಸಂಜೆ 'ಸಿ ಡಿಫ್ ಟಾಕ್ಸಿನ್' ಅಂತ ಬರೆದ ಡಬ್ಬಿ ಬಂತು. ಮುಚ್ಚಳ ತೆಗೆದು ಮರದ ಕಡ್ಡಿ ಇಟ್ಟೆ. ಕಡ್ಡಿ ನೆಟ್ಟಗೆ ನಿಂತಿತು, ರಾಗಿಮುದ್ದೆಗೆ ಚುಚ್ಚಿದ ಹಾಗೆ. ಭೇದಿಯೇ ಇಲ್ಲ ಅಂದಮೇಲೆ ಟೆಸ್ಟ್ ಯಾಕೆ? ವಾಪಸ್ ಕಳಿಸಿದೆ. ತಕ್ಷಣ ವಾರ್ಡಿನಿಂದ ಫೋನು: "ಸಾರ್, ದುಡ್ಡು ಕಟ್ಟಿದ್ದಾರೆ, ಸುಮ್ನೆ ಮಾಡಿಕೊಡಿ."

ನನ್ನ ತಕರಾರು ಈ 'ಸುಮ್ನೆ' ಮೇಲೆ.

ಸಿ ಡಿಫ್ ಅಂದರೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್. ಆ್ಯಂಟಿಬಯೋಟಿಕ್ ನುಂಗಿ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತಾಗ, ಖಾಲಿ ಜಾಗ ಸಿಕ್ಕಿತು ಅಂತ ಬೆಳೆಯುವ ಬ್ಯಾಕ್ಟೀರಿಯಾ. ಭೇದಿ ತರಿಸುವುದು ಅದು ಬಿಡುವ ವಿಷ, ಟಾಕ್ಸಿನ್ ಎ ಮತ್ತು ಬಿ. ವಿಷ ಬಿಡದೆ ಅದು ತೆಪ್ಪಗೆ ಕೂತಿರುವುದೂ ಉಂಟು. ಎಷ್ಟೋ ಹಸುಗೂಸುಗಳ ಕರುಳಲ್ಲಿ ಇರುತ್ತದೆ, ಮಗು ನಗುನಗುತ್ತಾ ಆಡುತ್ತಿರುತ್ತದೆ.

ಬ್ಯಾಕ್ಟೀರಿಯಾ ಬೇರೆ, ಅದರ ವಿಷ ಬೇರೆ. ಕಾಲರಾ ವಿಷಯದಲ್ಲಿ ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದವರು ಕಲ್ಕತ್ತಾದ ವಿಜ್ಞಾನಿ ಶಂಭುನಾಥ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದರು. ಕಾಲರಾ ಬ್ಯಾಕ್ಟೀರಿಯಾ ಬೆಳೆದಿದ್ದ ದ್ರವವನ್ನು, ಒಂದೂ ಬ್ಯಾಕ್ಟೀರಿಯಾ ಉಳಿಯದ ಹಾಗೆ ಸೋಸಿ, ಒಳಗೆ ಬಿಟ್ಟರು. ಕರುಳು ನೀರು ತುಂಬಿ ಊದಿಕೊಂಡಿತು. 1959ರ ಮಾತು. ನಾನು ಓದಿದ ಶಾಲೆ ಪುಸ್ತಕದಲ್ಲಿ ಇವರ ಹೆಸರು ನೋಡಿದ ನೆನಪಿಲ್ಲ, ನಿಮಗಿದೆಯಾ?

ಈಗ ಟೆಸ್ಟಿಗೆ ಬನ್ನಿ. ಮನೆಯೊಳಗೆ ಹಾವು ಬಂದಿದೆ ಅಂದುಕೊಳ್ಳಿ. ಜಿಡಿಎಚ್ ಅನ್ನೋ ಟೆಸ್ಟ್ 'ಹಾವಿದೆ' ಅನ್ನುತ್ತದೆ. ನಾಗರವೋ ಕೇರೆಯೋ ಹೇಳುವುದಿಲ್ಲ. ಪಿಸಿಆರ್ ಹುಡುಕುವುದು ವಿಷದ ಜೀನನ್ನು, ಅಂದರೆ 'ಇದಕ್ಕೆ ವಿಷದ ಹಲ್ಲಿದೆ' ಅನ್ನುತ್ತದೆ. ಕಚ್ಚಿದೆಯಾ ಅಂತ ನೋಡುವುದು ಮಲದಲ್ಲಿ ವಿಷವನ್ನೇ ಹುಡುಕುವ ಟಾಕ್ಸಿನ್ ಟೆಸ್ಟ್.

ಪಿಸಿಆರ್ ಬೇಗ ಆಗುತ್ತದೆ, ತುಂಬಾ ಸೂಕ್ಷ್ಮ, ಬಿಲ್ಲೂ ಜಾಸ್ತಿ. ಅದಕ್ಕೇ ಅದರ ಮೇಲೆ ಎಲ್ಲರಿಗೂ ಭಕ್ತಿ. ಪಾಸಿಟಿವ್ ಬಂತೋ, ವ್ಯಾಂಕೊಮೈಸಿನ್ ಶುರು. ಆ ರೋಗಿಗೆ ಹಿಂದಿನ ರಾತ್ರಿ ಭೇದಿ ಮಾಡಿಸುವ ಔಷಧಿ ಕೊಟ್ಟಿದ್ದರಾ ಅಂತ ಯಾರೂ ಕೇಳುವುದಿಲ್ಲ! ಕರುಳು ಸರಿಹೋಗಲಿ ಅಂತ ಬಿಡಬೇಕಾದ ಹೊತ್ತಿನಲ್ಲಿ ಇನ್ನೊಂದು ಆ್ಯಂಟಿಬಯೋಟಿಕ್. ಪಿಸಿಆರ್ ಒಂದನ್ನೇ ನೋಡಿ ಔಷಧಿ ಬರೆಯುವುದು ನನಗಂತೂ ಒಪ್ಪಿಗೆ ಇಲ್ಲ. ಪಿಸಿಆರ್, ಟಾಕ್ಸಿನ್ ಎರಡರ ಫಲಿತಾಂಶವೂ ಒಂದೇ ರಿಪೋರ್ಟಿನಲ್ಲಿ, ಒಂದರ ಕೆಳಗೊಂದು ಇರಲಿ.

ಹಾಗಂತ ಟಾಕ್ಸಿನ್ ಟೆಸ್ಟ್ ದೇವರಲ್ಲ. ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಬಳಸುವ ಕಿಟ್ಟುಗಳಿಗೆ ಕೆಲವು ನಿಜವಾದ ಕೇಸುಗಳೂ ತಪ್ಪಿಹೋಗುತ್ತವೆ. ಅದಕ್ಕೇ ಎರಡು ಹಂತ ಬೇಕು. ಅರ್ಧ ತಪ್ಪು ನಮ್ಮದೂ ಇರುತ್ತದೆ, ಯಾಕೆಂದರೆ ಈ ವಿಷ ಸೆಕೆ ತಡೆಯುವುದಿಲ್ಲ. ಹೊರಗೆ ಇಟ್ಟರೆ 2 ಗಂಟೆಯೊಳಗೇ ಸಿಗದ ಹಾಗೆ ಒಡೆದುಹೋಗಬಹುದು. ಮಧ್ಯಾಹ್ನದ ಡಬ್ಬಿ ವಾರ್ಡಿನ ಮೇಜಿನ ಮೇಲೆ ಬಿಸಿಲು ಕಾಯಿಸಿಕೊಂಡು ಸಂಜೆ ನನ್ನ ಹತ್ತಿರ ಬಂದರೆ, ನಾನು ಕೊಡುವ 'ನೆಗೆಟಿವ್'ಗೆ ಏನು ಬೆಲೆ?

ಇನ್ನೊಂದು, ವಾಸಿಯಾದ ಮೇಲೆ 'ಪೂರ್ತಿ ಹೋಗಿದೆಯಾ ನೋಡೋಣ' ಅಂತ ಮತ್ತೆ ಟೆಸ್ಟ್ ಮಾಡಿಸುವವರು. ಮಾಡಿಸಬೇಡಿ. ಭೇದಿ ನಿಂತು ವಾರಗಳಾದರೂ ಪಾಸಿಟಿವ್ ಬರಬಹುದು. ಸುಮ್ನೆ ಗಾಬರಿ.

ನಿಮ್ಮ ಮನೆಯವರಿಗೆ ಡಾಕ್ಟರು ಈ ಟೆಸ್ಟ್ ಬರೆದರೆ, ಸ್ಯಾಂಪಲ್ ನೀರಾಗಿರಲಿ, ಬೇಗ ತನ್ನಿ. ತಡ ಆಗುವ ಹಾಗಿದ್ದರೆ ಐಸ್ ಡಬ್ಬದಲ್ಲಿಟ್ಟು ತನ್ನಿ. ಯಾವ ಆ್ಯಂಟಿಬಯೋಟಿಕ್ ಯಾವಾಗ ತಗೊಂಡಿರಿ ಅಂತ ಚೀಟಿಯಲ್ಲಿ ಬರೆಯಿರಿ. ಕಡ್ಡಿ ನಿಂತರೆ ಮಾತ್ರ, ದುಡ್ಡು ಕಟ್ಟಿದ್ದರೂ ವಾಪಸ್ಸೇ ಕಳಿಸುತ್ತೇನೆ.